ಮಕ್ಕಳ ಉಚ್ಚಾರ ದೋಷಕ್ಕೆ ತಾಲ್ಲೂಕಿನಲ್ಲೇ ತಪಾಸಣೆ ಸಿಗಲಿ

ಮಾನ್ಯರೇ,

ಐದು ತುಂಬಿದ ಮೇಲೂ ‘ಗಾಡಿ’ಗೆ ‘ದಾಡಿ’, ‘ಕಾಕಾ’ನಿಗೆ ‘ತಾತಾ’ ಎನ್ನುವ ಮಗುವಿನ ನಾಲಿಗೆಗೆ ಬಜೆ ತೇಯ್ದು ಹಚ್ಚಿ, ದೊಡ್ಡವನಾದರೆ ತಾನೇ ಸರಿಹೋಗುತ್ತದೆ ಎಂದು ಸುಮ್ಮನಾಗುವುದು ನಮ್ಮ ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ಇದೆ. ಎಳೆಯ ಮಕ್ಕಳಲ್ಲಿ ಇಂಥ ಅದಲುಬದಲು ಸಹಜವೇ. ‘ರ’ಕಾರವಂತೂ ತಡವಾಗಿಯೇ ಕೂಡುತ್ತದೆ. ಆದರೆ ನಾಲ್ಕು ದಾಟಿದ ಮಗುವಿನ ಮಾತು ಹೊರಗಿನವರಿಗೆ ತಿಳಿಯದಿದ್ದರೆ ವಾಕ್ ತಜ್ಞರಿಗೆ ತೋರಿಸಲೇಬೇಕು.

ಮೊದಲು ಆಗಬೇಕಾದದ್ದು ಶ್ರವಣ ಪರೀಕ್ಷೆ, ಏಕೆಂದರೆ ಪದೇ ಪದೇ ಕಿವಿ ಸೋರುವ ಮಗುವಿಗೆ ಧ್ವನಿಗಳ ವ್ಯತ್ಯಾಸವೇ ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಬಳಿಕ ತಜ್ಞರು ತುಟಿ, ನಾಲಿಗೆ, ಅಂಗುಳನ್ನು ಪರಿಶೀಲಿಸಿ, ಚಿತ್ರಗಳನ್ನು ಹೆಸರಿಸಲು ಹೇಳಿ, ಪದದ ಆರಂಭದಲ್ಲಿ ಮತ್ತು ನಡುವೆ ಯಾವ ಧ್ವನಿ ತಪ್ಪುತ್ತದೆ, ಹೇಳಿಕೊಟ್ಟರೆ ಮಗು ಅದನ್ನು ಅನುಕರಿಸಬಲ್ಲದೇ ಎಂದು ದಾಖಲಿಸುತ್ತಾರೆ. ಸಹಜ ಮಾತುಕತೆಯನ್ನೂ ಆಲಿಸುತ್ತಾರೆ. ಮನೆಮಾತನ್ನು ಕೇಳಿ ತಿಳಿಯುವುದೂ ಅಷ್ಟೇ ಮುಖ್ಯ. ಉರ್ದು ಮನೆಮಾತಿನ ಮಗು ‘ಮಳೆ’ಯನ್ನು ‘ಮಲೆ’ ಎಂದರೆ, ಅಥವಾ ನಮ್ಮ ಕಡೆಯ ಮಗು ಮಹಾಪ್ರಾಣ ಬಿಟ್ಟು ಮಾತಾಡಿದರೆ (ನಾವು ದೊಡ್ಡವರೂ ಬಿಡುತ್ತೇವೆ!) ಅದು ದೋಷವಲ್ಲ. ಶಿಕ್ಷಕರಿಗೂ ಇದು ತಿಳಿದಿರಬೇಕು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕೂಲಿ ಬಿಟ್ಟು ಹೋಗಿಬರಲು ಎಷ್ಟು ಪೋಷಕರಿಗೆ ಸಾಧ್ಯ? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಲ್ಲಿ ಮಕ್ಕಳನ್ನು ಪರೀಕ್ಷಿಸುವಾಗ ಮಾತಿನ ಸ್ಪಷ್ಟತೆಯನ್ನೂ ಗಮನಿಸಲಿ. ತಾಲ್ಲೂಕು ಆಸ್ಪತ್ರೆಗಳಿಗೆ ತಿಂಗಳಿಗೊಮ್ಮೆಯಾದರೂ ವಾಕ್ ತಜ್ಞರು ಬರುವಂತೆ ಆರೋಗ್ಯ ಇಲಾಖೆ ವ್ಯವಸ್ಥೆ ಮಾಡಲಿ.

– ನಿವೃತ್ತ ಶಿಕ್ಷಕಿ, ಸಿಂಧನೂರು