ಟ್ಯಾಟಿಂಗ್ ಲೇಸಿಗೂ ಜಾಗ ಕೊಡಿ

ಮಾನ್ಯರೇ,

ಪುರವಣಿಗಳ ಕರಕುಶಲ ಪುಟದಲ್ಲಿ ಕ್ರೋಶಾ, ಕಸೂತಿ, ಸೀರೆ ಕುಚ್ಚು ಆಗಾಗ ಬರುತ್ತವೆ. ಸಣ್ಣ ಗಂಟುಗಳನ್ನು ಸಾಲಾಗಿ ಹಾಕಿ ಉಂಗುರಗಳಾಗಿ ಹೆಣೆಯುವ ಟ್ಯಾಟಿಂಗ್ ಲೇಸ್ ಅಪರೂಪ. ಅಂಗೈಯಲ್ಲಿ ಅಡಗುವ ಶಟಲ್ (ದಾರ ಸುತ್ತಿಡುವ ಪುಟ್ಟ ಲಾಳಿ) ಮತ್ತು ಒಂದು ಉಂಡೆ ಹತ್ತಿ ದಾರ ಇದ್ದರೆ ಸಾಕು, ಬಸ್ಸಿನಲ್ಲಿ ಕೂತೂ ಹೆಣೆಯಬಹುದು.

ಕಲಿಯುವವರು ಸೋಲುವುದು ಮೊದಲ ಗಂಟಿನಲ್ಲೇ. ಗಂಟು ಶಟಲ್ ದಾರದಿಂದ ಆಗಬಾರದು. ಎಡಗೈಗೆ ಸುತ್ತಿದ ದಾರ ಶಟಲ್ ದಾರದ ಮೇಲೆ ಗಂಟಾಗಬೇಕು. ಎಡಗೈ ಬೆರಳು ಸಡಿಲಿಸಿ, ಶಟಲ್ ದಾರ ಬಿಗಿಯಾಗಿ ಎಳೆದರೆ ಗಂಟು ಮಗುಚಿಕೊಳ್ಳುತ್ತದೆ. ಒಂದು ಮಗುಚದಿದ್ದರೂ ಉಂಗುರ ಮುಚ್ಚುವುದಿಲ್ಲ. ಆದ್ದರಿಂದ ಪ್ರತಿ ಗಂಟೂ ಶಟಲ್ ದಾರದ ಮೇಲೆ ಜಾರುತ್ತದೆಯೇ ಎಂದು ಆಗಲೇ ನೋಡಬೇಕು.

ದಾರದ ನಂಬರ್ ಹೆಚ್ಚಿದಷ್ಟೂ ಎಳೆ ತೆಳು. ಕಲಿಕೆಗೆ 20, ಕರವಸ್ತ್ರದ ಅಂಚಿಗೆ 40 ಅಥವಾ 80 ಚೆನ್ನ. ಕುಚ್ಚಿನ ರೇಷ್ಮೆ ದಾರಕ್ಕೆ ಹುರಿ ಕಡಿಮೆ. ಎಳೆ ಬಿಚ್ಚಿಕೊಂಡು ಪಿಕೋ (ಗಂಟುಗಳ ನಡುವೆ ಬಿಡುವ ದಾರದ ಪುಟ್ಟ ಕುಣಿಕೆ) ಕೆದರುತ್ತದೆ. ಜರಿಯಂತೂ ಉಂಗುರ ಎಳೆಯುವಾಗಲೇ ಸವೆದು ತುಂಡಾಗಬಹುದು. ಯಾವ ದಾರವಾದರೂ ಹುರಿ ಹೆಚ್ಚಿ ಸುರುಳಿಗಟ್ಟಿದರೆ ಶಟಲನ್ನು ಸ್ವಲ್ಪ ಹೊತ್ತು ತೂಗಬಿಡಿ, ತಾನೇ ತಿರುಗಿ ಸರಿಹೋಗುತ್ತದೆ.

ಸರಳ ಅಂಚಿಗೆ 5 ಜೋಡಿಗಂಟು (ಎರಡು ಅರ್ಧಗಂಟು ಸೇರಿ ಒಂದು), ಪಿಕೋ, 5, ಪಿಕೋ, 5, ಪಿಕೋ, 5 ಹಾಕಿ ಉಂಗುರ ಮುಚ್ಚಿ. ಅರ್ಧ ಸೆಂಟಿಮೀಟರ್ ದಾರ ಬಿಟ್ಟು ಮುಂದಿನದರ 5 ಗಂಟಾದ ಮೇಲೆ ಹಿಂದಿನ ಉಂಗುರದ ಕೊನೆಯ ಪಿಕೋಗೆ ಕೂಡಿಸಿ. ನಡುವಿನ ಪಿಕೋ ಉದ್ದ ಮಾಡಿದರೂ ಸಾಕು, ವಿನ್ಯಾಸವೇ ಬೇರೆ! ಅಳತೆಗೆ ರಟ್ಟಿನ ಪಟ್ಟಿ ಇಟ್ಟುಕೊಳ್ಳಿ. ಕೂಡಿಸುವ ಪಿಕೋ ಮಾತ್ರ ಚಿಕ್ಕದಿರಲಿ, ಇಲ್ಲದಿದ್ದರೆ ಲೇಸ್ ಜೋಲುತ್ತದೆ.

ಮಾದರಿ ಪ್ರಕಟಿಸಿದರೆ ಚಿತ್ರದೊಂದಿಗೆ ಗಂಟಿನ ಲೆಕ್ಕ, ದಾರದ ನಂಬರ್ ಎರಡನ್ನೂ ದಯವಿಟ್ಟು ಕೊಡಿ.

– ಲೇಸ್ ಹವ್ಯಾಸಿಗಳು, ಶಿವಮೊಗ್ಗ