ಗೆಳೆಯನಿಗೊಂದು ಪತ್ರ: ಅಜ್ಜಿಯ ಬಗ್ಗೆ ಬರೆಯುವ ಮುಂಚೆ

ಪ್ರೀತಿಯ ಗೆಳೆಯ,

ಅಜ್ಜಿ ತೀರಿಕೊಂಡು ತಿಂಗಳಾದಾಗ ಚರ್ಚಿನಲ್ಲಿ ನಡೆಯುವ ಪೂಜೆಯ ದಿನ ಅವರ ಬಗ್ಗೆ ನಾಲ್ಕು ಮಾತು ಓದಬೇಕು, ಎಲ್ಲಿಂದ ಶುರುಮಾಡಲಿ ಅಂತ ಕೇಳಿದ್ದೀಯ. "ದೈವಭಕ್ತೆ, ತ್ಯಾಗಮಯಿ" ಅಂತ ಮಾತ್ರ ಶುರುಮಾಡಬೇಡ. ಮಂಗಳೂರು ಕಡೆಯ ಯಾವ ಕ್ಯಾಥೊಲಿಕ್ ಅಜ್ಜಿಗೂ ಆ ಮಾತು ಹೊಂದುತ್ತದೆ. ಎಲ್ಲರಿಗೂ ಇದ್ದ ಕಟ್ಟಳೆ ಯಾವುದು, ಅವರೊಬ್ಬರೇ ಹಿಡಿದುಕೊಂಡು ಬಂದದ್ದು ಯಾವುದು ಅಂತ ಮೊದಲು ಬಿಡಿಸಿ ನೋಡು.

ಉಪವಾಸವನ್ನೇ ತೆಗೆದುಕೋ. ಪೂಜೆಗೆ ಮುಂಚೆ ಅಜ್ಜಿ ತೊಟ್ಟು ನೀರೂ ಕುಡಿಯುತ್ತಿರಲಿಲ್ಲ ಅಂತ ಮನೆಯಲ್ಲಿ ಹೇಳುತ್ತಾರೆ. ಅವರು ಹುಡುಗಿಯಾಗಿದ್ದಾಗ ಅದು ಎಲ್ಲರಿಗೂ ಇತ್ತು. ಪೂಜೆಯಲ್ಲಿ ಪಾದ್ರಿಗಳು ಕೊಡುವ ಪರಮಪ್ರಸಾದ ತೆಗೆದುಕೊಳ್ಳುವವರು ನಡುರಾತ್ರಿಯಿಂದ ಏನನ್ನೂ ಬಾಯಿಗೆ ಹಾಕುವಂತಿರಲಿಲ್ಲ. 1953ರಲ್ಲಿ ನೀರಿಗೆ ಒಪ್ಪಿಗೆ ಬಂತು, 1957ರಲ್ಲಿ ಊಟಕ್ಕೆ ಮೂರು ಗಂಟೆಯ ಅಂತರ ಸಾಕು ಅಂತಾಯಿತು, 1964ರಲ್ಲಿ ಅದು ಒಂದು ಗಂಟೆಗೆ ಇಳಿಯಿತು. ಹಾಗಾಗಿ ನಿನ್ನ ಅತ್ತೆಯನ್ನು ಕೇಳಬೇಕಾದದ್ದು 1964ರ ನಂತರದ್ದು. ಆಮೇಲೂ ಚರ್ಚಿನಿಂದ ಬಂದೇ ಕಾಫಿ ಕುಡಿಯುತ್ತಿದ್ದರೆ ಅದು ಅಜ್ಜಿಯದೇ. ಅದನ್ನು ಬರೆ.

ತೇರ್ಸ್, ಅಂದರೆ ಮನೆಯಲ್ಲಿ ದಿನಾ ಹೇಳುವ ಜಪಮಾಲೆ ಪ್ರಾರ್ಥನೆ, ಕೂಡ ಹಾಗೆಯೇ. ಮಣಿ ಎಣಿಸುತ್ತಾ ಹೇಳುವ 53 ನಮಾನ್ ಮೊರಿಯೆ (ಮರಿಯಮ್ಮನ ಪ್ರಾರ್ಥನೆ) ಎಲ್ಲ ಮನೆಯಲ್ಲೂ ಒಂದೇ. ಅದರ ಜೊತೆ ಧ್ಯಾನಿಸುವ ಯೇಸು-ಮರಿಯಮ್ಮನ ಬದುಕಿನ ಪ್ರಸಂಗಗಳಿಗೆ ರಹಸ್ಯಗಳು ಅನ್ನುತ್ತಾರೆ, ದಿನಕ್ಕೊಂದು ಗುಂಪು. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಬೆಳಕಿನ ರಹಸ್ಯಗಳನ್ನು ಸೇರಿಸಿ ಗುರುವಾರಕ್ಕೆ ಇಟ್ಟರು. ಅದಕ್ಕೆ ಮೊದಲು ಗುರುವಾರ ಹರ್ಷದ ರಹಸ್ಯಗಳು. ಅಜ್ಜಿ ಆ ವಯಸ್ಸಿನಲ್ಲಿ ಹೊಸದನ್ನು ಬಾಯಿಪಾಠ ಮಾಡಿದರೋ, ಹಳೆಯದನ್ನೇ ಹೇಳುತ್ತಾ ಹೋದರೋ? ಇನ್ನೊಂದು, ಇದು ತುಂಬಾ ಮುಖ್ಯ. ತೇರ್ಸ್ ಮುಗಿದ ಮೇಲೆ ಮನೆಯ ಸತ್ತವರ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದರಲ್ಲ, ಆ ಹೆಸರುಗಳನ್ನು ಅದೇ ಸಾಲಿನಲ್ಲಿ ಬರೆದುಕೋ. ಹಸುಗೂಸಾಗಿ ಹೋದ ಮಕ್ಕಳ ಹೆಸರು ಎಷ್ಟೋ ಸಲ ಅಲ್ಲಿ ಮಾತ್ರ ಉಳಿದಿರುತ್ತದೆ. ದಿನಾ ಜೊತೆಗೆ ಕೂತವರಿಗಷ್ಟೇ ಅದು ಗೊತ್ತು, ಅವರಿಗೂ ವಯಸ್ಸಾಗಿದೆ.

ಮರಿಯಮ್ಮನ ಹುಟ್ಟುಹಬ್ಬವೂ ಹೊಸ ತೆನೆಯ ಹಬ್ಬವೂ ಆದ ಮೊಂತಿ ಹಬ್ಬಕ್ಕೆ ಒಂದಿಡೀ ಪ್ಯಾರಾ ಕೊಡು. ಸೆಪ್ಟೆಂಬರ್ 8ರ ಊಟ ಬರೀ ತರಕಾರಿಯದು, ಪಲ್ಯ-ಗಸಿಗಳ ಲೆಕ್ಕ ಬೆಸ ಸಂಖ್ಯೆ, ಇದು ಎಲ್ಲರಿಗೂ ಗೊತ್ತು. ನೀನು ಹಿಡಿಯಬೇಕಾದದ್ದು ಅಜ್ಜಿಯ ಕೈ. ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ತೆನೆ ದೇವರ ಪೀಠದ ಮುಂದೆ ಇರುತ್ತದೆ. ಉಗುರಿನಿಂದ ಒಂದೊಂದೇ ಭತ್ತ ಸುಲಿದು, ಬಂದ ನಾಲ್ಕಾರು ಅಕ್ಕಿಕಾಳು ಅರೆದು ತೆಂಗಿನ ಹಾಲಿಗೆ ಬೆರೆಸಬೇಕು. ಅಷ್ಟರಲ್ಲೇ ಮನೆಮಂದಿಗೆಲ್ಲ ಪಾಲು ಸಿಗಬೇಕು. ದೂರದೂರಿನಲ್ಲಿದ್ದವರಿಗೆ ಲಕೋಟೆಯಲ್ಲಿ ಕಾಳು ಕಳಿಸುವ ಮನೆಗಳಿವೆ. ನಿಮ್ಮಲ್ಲಿ ಯಾರಿಗೆ ಹೋಗುತ್ತಿತ್ತು, ಅಜ್ಜಿ ಎಷ್ಟು ಕಾಳು ಎತ್ತಿಡುತ್ತಿದ್ದರು, ವಿಚಾರಿಸು.

ತಾರೀಕುಗಳಲ್ಲಿ ತಪ್ಪಾಗುವುದೇ ಹೆಚ್ಚು. ಶಾಲೆಯ ದಾಖಲೆಯ ಜನ್ಮದಿನವನ್ನು ಪೂರ್ತಿ ನಂಬಬೇಡ, ಸೇರಿಸುವಾಗ ಅಂದಾಜಿನಲ್ಲಿ ಬರೆಸಿರಬಹುದು. ಅಜ್ಜಿಯ ತವರಿನ ಚರ್ಚಿನ ದೀಕ್ಷಾಸ್ನಾನದ (ಮಗುವನ್ನು ಕ್ರೈಸ್ತ ಧರ್ಮಕ್ಕೆ ಸೇರಿಸುವ ವಿಧಿಯ) ಪುಸ್ತಕ ನೋಡು. ಹುಟ್ಟಿದ ದಿನ ಬೇರೆ, ದೀಕ್ಷಾಸ್ನಾನದ ದಿನ ಬೇರೆ. ಗಡಿಬಿಡಿಯಲ್ಲಿ ಅವನ್ನು ಅದಲುಬದಲು ಮಾಡಬೇಡ. ಅದೇ ಸಾಲಿನ ಅಂಚಿನಲ್ಲಿ ಮದುವೆಯ ವಿವರವೂ ಇರಬೇಕು. ಹಳೆಯ ನಮೂದು ಲ್ಯಾಟಿನ್ನಿನಲ್ಲಿದ್ದರೆ ಮನೆಯಲ್ಲಿ ಕರೆಯುತ್ತಿದ್ದ ಹೆಸರು ಸಿಗುವುದಿಲ್ಲ, ತಂದೆತಾಯಿಯ ಹೆಸರು ಹಿಡಿದು ಹುಡುಕು. ಅವರು ಹುಟ್ಟಿದ ಮೇಲೆ ಆ ಊರಿಗೆ ಹೊಸ ಚರ್ಚ್ ಆಗಿದ್ದರೆ ಮೂಲ ಚರ್ಚಿನಲ್ಲಿ ಕೇಳು, ಹಳೆಯ ಪುಸ್ತಕಗಳು ಅಲ್ಲಿಯೇ ಇರುತ್ತವೆ.

ಪೂಜೆಯ ನಡುವೆ ಪಾದ್ರಿಗಳು ಮಾಡುವ ಪ್ರಬೋಧನೆಯ ಜಾಗದಲ್ಲಿ ತೀರಿಕೊಂಡವರ ಗುಣಗಾನಕ್ಕೆ ಅವಕಾಶವಿಲ್ಲ. ಪರಮಪ್ರಸಾದ ಆದಮೇಲೆ ಓದಬಹುದೇ ಅಂತ ಪಾದ್ರಿಗಳನ್ನು ಮೊದಲೇ ಕೇಳು. ಎರಡು ಪುಟ ದಾಟಿದರೆ ಹಿಂದಿನ ಬೆಂಚುಗಳು ಖಾಲಿಯಾಗುತ್ತವೆ. ಒಂದು ಸಲ ಜೋರಾಗಿ ಓದಿ ನೋಡು. ಗಂಟಲು ಕಟ್ಟುವ ಸಾಲು ಯಾವುದು ಅಂತ ಮನೆಯಲ್ಲೇ ಗೊತ್ತಾಗಲಿ. ಅದನ್ನು ಹೊಡೆದುಹಾಕಬೇಡ, ಅದಕ್ಕೆ ಮುಂಚೆ ಒಂದು ಉಸಿರು ತೆಗೆದುಕೋ.

ಭಾನುವಾರದೊಳಗೆ ಅತ್ತೆಯ ಹತ್ತಿರ ಕೂತು ಆ ಹೆಸರುಗಳನ್ನು ಬರೆದುಕೋ. ಉಳಿದದ್ದನ್ನು ಆಮೇಲೆ ನೋಡೋಣ.

ನಿನ್ನ ಗೆಳೆಯ