ಬೀಗದ ಕೈ ಸದ್ದಿಗೇ ನಡುಗೋ ಕರಿಯ

ಲೋ ಗೆಳೆಯಾ,

ನಿನ್ನ ಮೆಸೇಜ್ ಓದ್ದೆ. ಇಷ್ಟು ವರ್ಷ ಮನೇಲೇ ಕೂತು ಕೆಲಸ ಮಾಡ್ತಿದ್ದೋನು ಆಫೀಸಿಗೆ ಹೊರಟಿದ್ದೇ ತಡ, ನಿನ್ನ ನಾಯಿ ಕರಿಯ ಬಾಗಿಲು ಕೆರೆದು ಹಾಕಿದಾನೆ, ಪಕ್ಕದ ಮನೆಯವ್ರು ಬಂದು ದಿನಾ ಊಳಿಡ್ತಾನೆ ಅಂದ್ರು, ನೀನು ಸಿಟ್ಟಲ್ಲಿ ಗದರಿದೆ, ಅವನು ತಪ್ಪು ಒಪ್ಕೊಂಡೋನ ಥರ ಮುಖ ಸಣ್ಣದು ಮಾಡ್ಕೊಂಡ ಅಂತ ಬರ್ದಿದ್ಯ. ಅದು ತಪ್ಪೊಪ್ಪಿಗೆ ಅಲ್ಲ ಮಾರಾಯ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನೋ ವಿಜ್ಞಾನಿ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು, ನಾಯಿ ನಿಜವಾಗ್ಲೂ ತಪ್ಪು ಮಾಡಿರಲಿ ಬಿಡಲಿ, ಯಜಮಾನ ಬೈದಾಗ ಆ ಮುಖ ಮಾಡುತ್ತೆ ಅಷ್ಟೇ. ನಿನ್ನ ದನಿಗೆ ಹೆದರಿರೋದು ಅದು. ಅಂದ್ರೆ ನೀನು ಹೋಗೋದಕ್ಕೆ ಮೊದಲೇ ಹೆದರ್ತಿದ್ದೋನು ಈಗ ನೀನು ವಾಪಸ್ ಬರೋದಕ್ಕೂ ಹೆದರ್ತಾನೆ.

ಮೊದಲು ಒಂದು ಹಳೇ ಫೋನ್ ಇಟ್ಟು ವೀಡಿಯೋ ಮಾಡು. ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲೇ ಎಲ್ಲಾ ಗೊತ್ತಾಗುತ್ತೆ. ನಾನು ನನ್ನ ನಾಯಿದು ನೋಡಿದಾಗ ಹೊಟ್ಟೆ ಕಿವುಚಿದ ಹಾಗಾಯ್ತು, ನಾನು ಮೆಟ್ಟಿಲು ಇಳಿಯೋ ಮೊದಲೇ ಏದುಸಿರು ಬಿಡ್ತಾ ಬಾಗಿಲ ಮುಂದೆ ಹೋಗೋದು ಬರೋದು ಮಾಡ್ತಿತ್ತು. ಅದಕ್ಕೆ ಭಯ ಹುಟ್ತಿದ್ದುದು ನಾನು ಹೋದಾಗಲ್ಲ, ಶೂ ಹಾಕಿದಾಗ, ಬೀಗದ ಕೈ ಗೊಂಚಲು ಎತ್ತಿದಾಗ.

ಹಾಗಾಗಿ ನಾನು ಮಾಡಿದ್ದು ಇದು, ನೋಡೋರಿಗೆ ಹುಚ್ಚು ಅನ್ಸುತ್ತೆ ಪರವಾಗಿಲ್ಲ. ಕೀ ಎತ್ಕೊಂಡು ಹೋಗಿ ಸೋಫಾ ಮೇಲೆ ಕೂತ್ಕೊಳೋದು, ಶೂ ಹಾಕ್ಕೊಂಡು ಪಾತ್ರೆ ತೊಳೆಯೋದು, ದಿನಕ್ಕೆ ಹತ್ತು ಸಲ, ನನ್ನ ನಾಯಿಗೆ ಅದು ಮಾಮೂಲಾಗಿ ತಲೆ ಎತ್ತದೇ ಇರೋ ತನಕ. ಆಮೇಲೆ ಬಾಗಿಲಾಚೆ ಹೋಗಿ ಹತ್ತು ಸೆಕೆಂಡಿಗೆ ವಾಪಸ್, ಆಮೇಲೆ ಅರ್ಧ ನಿಮಿಷ, ಎರಡು ನಿಮಿಷ. ನಾನು ಐದು ನಿಮಿಷ ಸರಿಹೋಯ್ತು ಅಂತ ಜಂಬದಲ್ಲಿ ಸೀದಾ ಎರಡು ಗಂಟೆ ಹೋಗಿ ಬಂದೆ, ಮತ್ತೆ ಮೊದಲಿಂದ ಶುರು ಮಾಡ್ಬೇಕಾಯ್ತು! ಈ ಅಭ್ಯಾಸ ನಡೆಯೋವಾಗ ನಿಜವಾಗ್ಲೂ ದಿನವಿಡೀ ಒಂಟಿ ಬಿಡ್ಬೇಡ, ಯಾರಾದ್ರೂ ಜೊತೆಗಿರಲಿ, ಇಲ್ಲಾಂದ್ರೆ ಸ್ವಲ್ಪ ದಿನ ರಜೆ ಕೇಳು. ಊಟ ವಾಕಿಂಗ್ ಟೈಮೂ ಅಷ್ಟೇ, ಒಂದೇ ದಿನಕ್ಕೆ ಬದಲಾಯಿಸ್ದೆ ದಿನಕ್ಕೆ ಹತ್ತು ಹದಿನೈದು ನಿಮಿಷ ಜರುಗಿಸು. ಹೊರಡೋ ಮುಂಚೆ ಮೂಸ್ಕೊಂಡು ಓಡಾಡೋಕೆ ಬಿಡು, ಎಳ್ಕೊಂಡು ಓಡಿಸಬೇಡ.

ಮನುಷ್ಯರ ನಿದ್ದೆ ಮಾತ್ರೆ ಚೂರು ಕೊಡ್ಲಾ ಅಂತ ಕೇಳಿದ್ಯಲ್ಲ, ಬೇಡವೇ ಬೇಡ. ತೀರಾ ಜಾಸ್ತಿ ಇದ್ರೆ ಪ್ರಾಣಿಗಳ ಡಾಕ್ಟರ್ ಫ್ಲೂಒಕ್ಸೆಟಿನ್ ಥರದ ಆತಂಕ ಕಮ್ಮಿ ಮಾಡೋ ಮಾತ್ರೆ ಕರಿಯನ ತೂಕ ನೋಡಿ ಬರ್ಕೊಡ್ತಾರೆ, ಪರಿಣಾಮ ಕಾಣೋಕೆ ವಾರಗಟ್ಟಲೆ ಆಗುತ್ತೆ, ಮಾತ್ರೆ ಕೊಟ್ರೂ ಈ ಅಭ್ಯಾಸ ಮಾಡಿಸ್ಲೇಬೇಕು.

ಇನ್ನು ನಿನ್ನ ಬೆಕ್ಕು ಗಲಾಟೆ ಮಾಡ್ತಿಲ್ಲ, ಅದು ಆರಾಮಾಗಿದೆ ಅಂದ್ಯಲ್ಲ, ಅಲ್ಲೇ ನಂಗೆ ಡೌಟು. ಬೆಕ್ಕು ಎಷ್ಟೋ ಸಲ ಕಿರುಚಲ್ಲ ಕಣೋ, ಮಂಚದ ಕೆಳಗೆ ಸೇರ್ಕೊಳುತ್ತೆ, ಊಟ ಬಿಡುತ್ತೆ. ಒಂದು ದಿನ ಪೂರ್ತಿ ತಿನ್ನದಿದ್ರೆ ಡಾಕ್ಟರಿಗೆ ಫೋನ್ ಮಾಡು, ಉಪವಾಸ ಮುಂದುವರಿದ್ರೆ ಲಿವರ್ ಕೆಡುತ್ತೆ. ಗಂಡು ಬೆಕ್ಕು ಬೇರೆ, ಉಚ್ಚೆಗೆ ಕೂತು ಮುಕ್ಕರಿದ್ರೂ ಬರ್ತಿಲ್ಲ ಅಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡ, ರಾತ್ರಿನೇ ಎತ್ಕೊಂಡು ಓಡು.

ಕರಿಯನ ವೀಡಿಯೋ ಕಳ್ಸು, ಕೂತು ನೋಡ್ತೀನಿ. ಬಾಗಿಲಿನ ಪೇಂಟ್ ಈಗಲೇ ಮಾಡಿಸ್ಬೇಡ, ಇನ್ನೊಂದೆರಡು ಸಲ ಕೆರೀತಾನೆ.

ಇಂತಿ ನಿನ್ನ ಗೆಳೆಯ